ಎಚ್‌ಒಎ (ಮನೆ ಮಾಲೀಕರ ಸಂಘ) ಇರುವ ಬಡಾವಣೆಯ ಮನೆಯಲ್ಲಿ ಕೋವಿ ವ್ಯಾಪಾರ: ಮಾಡಿದವರು ಯಾರಾದರೂ ಇದ್ದೀರಾ?

ಇರುವುದು ಫ್ಲೋರಿಡಾದಲ್ಲಿ, ಗ್ರೀನ್ ಕಾರ್ಡ್ ಇದೆ. ಊರು ಕೊಡಗು, ಕೋವಿ ಬಿಚ್ಚಿ ಜೋಡಿಸುವುದನ್ನು ಅಜ್ಜನಿಂದ ಕಲಿತವನು. ಗ್ಯಾರೇಜಿನಲ್ಲೇ ರಿಪೇರಿ, ಟ್ರಾನ್ಸ್‌ಫರ್ (ಬೇರೆಡೆ ಕೊಂಡ ಕೋವಿಯನ್ನು ದಾಖಲೆ ಮಾಡಿ ಗಿರಾಕಿಗೆ ಒಪ್ಪಿಸುವುದು) ಶುರು ಮಾಡುವ ಆಸೆ. ಎಟಿಎಫ್ (ಕೋವಿ ವ್ಯಾಪಾರಕ್ಕೆ ಪರವಾನಗಿ ಕೊಡುವ ಅಮೆರಿಕದ ಕೇಂದ್ರ ಸಂಸ್ಥೆ) ಲೈಸೆನ್ಸ್‌ಗೆ ಮೊದಲು ಎಚ್‌ಒಎ ಒಪ್ಪಬೇಕಾ? ನಮ್ಮ ಎಚ್‌ಒಎಯವರು ಬೇಲಿಯ ಬಣ್ಣಕ್ಕೇ ನೋಟಿಸ್ ಕೊಟ್ಟವರು.

ಉತ್ತರ 1
ನಾನು ಎಡವಿದ್ದೇ ಇಲ್ಲಿ, ಕೇಳಿ. ಎಟಿಎಫ್ ಅರ್ಜಿಯಲ್ಲಿ ನೋಡುವುದು ಆ ವಿಳಾಸದಲ್ಲಿ ವ್ಯಾಪಾರಕ್ಕೆ ರಾಜ್ಯದ, ಊರಿನ ಕಾನೂನು ಅಡ್ಡ ಬರುತ್ತದಾ ಅಂತ. ಅಂದರೆ ಜೋನಿಂಗ್, ಯಾವ ಜಾಗದಲ್ಲಿ ಏನು ನಡೆಸಬಹುದು ಅನ್ನುವ ನಿಯಮ. ಎಚ್‌ಒಎ ನಿಯಮ ಕಾನೂನಲ್ಲ, ಮನೆ ಕೊಂಡಾಗ ನಾವೇ ಒಪ್ಪಿಕೊಂಡ ಕರಾರು. ಹಾಗಾಗಿ ನನಗೆ ಲೈಸೆನ್ಸ್ ಸಲೀಸಾಗಿ ಬಂತು. ಮೂರು ವರ್ಷಕ್ಕೆ 200 ಡಾಲರ್, ನವೀಕರಣಕ್ಕೆ 90. ಆಮೇಲೆ ಬಂತು ನೋಡಿ ಎಚ್‌ಒಎ ವಕೀಲರ ಪತ್ರ! ಕರಾರಿನಲ್ಲಿ 'ಮನೆಯಲ್ಲಿ ಯಾವ ವ್ಯಾಪಾರವೂ ಕೂಡದು' ಅಂತ ಒಂದೇ ಸಾಲು. ನಾನು ಓದಿರಲೇ ಇಲ್ಲ. ಪಕ್ಕದ ಮನೆಯವರಿಗೆ ಕೋವಿಯ ತಕರಾರು ಅಲ್ಲವೇ ಅಲ್ಲ, ಶನಿವಾರ ಅವರ ಗೇಟಿನ ಮುಂದೆ ನಿಲ್ಲುವ ಕಾರುಗಳದ್ದು. ಲೈಸೆನ್ಸ್ ವಿಳಾಸಕ್ಕೆ ಅಂಟಿಕೊಂಡಿರುತ್ತದೆ. ಜಾಗ ಬದಲಿಸಲು ಕನಿಷ್ಠ 30 ದಿನ ಮೊದಲೇ ಎಟಿಎಫ್‌ಗೆ ಅರ್ಜಿ ಹಾಕಬೇಕು, ಹೊಸ ಜಾಗಕ್ಕೆ ಮತ್ತೆ ಜೋನಿಂಗ್ ಪರದಾಟ. ಕೊನೆಗೆ ಒಂದು ಸಣ್ಣ ಮಳಿಗೆ ಬಾಡಿಗೆಗೆ ಹಿಡಿದೆ. ಲಾಭವೆಲ್ಲ ಬಾಡಿಗೆಗೇ ಹೋಯಿತು.

ಉತ್ತರ 2
ಫ್ಲೋರಿಡಾದಲ್ಲಿ 2021ರ ಕಾನೂನು ಇದೆ, ಮನೆ ವ್ಯಾಪಾರ ತಡೆಯುವ ಹಾಗಿಲ್ಲ ಅಂತ ಯಾರಾದರೂ ಧೈರ್ಯ ಹೇಳುತ್ತಾರೆ. ನಂಬಿ ಕೂರಬೇಡಿ. ಅದು ಕಟ್ಟಿಹಾಕುವುದು ಸಿಟಿ, ಕೌಂಟಿಯವರನ್ನು. ಎಚ್‌ಒಎ ಕರಾರನ್ನು ಮೀರುವುದಿಲ್ಲ ಅಂತ ಅದರಲ್ಲೇ ಬರೆದಿದೆ.

ಉತ್ತರ 3
ಟೆಕ್ಸಾಸ್‌ನಲ್ಲಿ ಮನೆಯಿಂದಲೇ ನಡೆಸುತ್ತಿದ್ದೇನೆ. ಮೊದಲು ಎಚ್‌ಒಎ ಬೋರ್ಡಿಗೆ ಪತ್ರ ಕೊಟ್ಟೆ: ನಾಮಫಲಕ-ಬ್ಯಾನರ್ ಇಲ್ಲ, ಕೆಲಸದವರಿಲ್ಲ, ಮೊದಲೇ ಸಮಯ ಕೇಳಿದವರು ಮಾತ್ರ, ವಾರಕ್ಕೆ ನಾಲ್ಕು ಕಾರು, ಎಲ್ಲ ಸೇಫ್‌ನಲ್ಲಿ. ಮುಚ್ಚುಮರೆ ಮಾಡಲಿಲ್ಲ. ಒಪ್ಪಿಗೆಯನ್ನು ಮೀಟಿಂಗ್ ನಡಾವಳಿಯಲ್ಲಿ ಬರೆಸಿ ಪ್ರತಿ ಇಟ್ಟುಕೊಂಡೆ. ಎರಡೇ ವರ್ಷಕ್ಕೆ ಬೋರ್ಡಿನವರೆಲ್ಲ ಬದಲಾದರು, ಆ ಹಾಳೆಯೇ ಕಾಪಾಡಿತು. ಮನೆಯ ವಿಮೆ ಸಾಮಾನ್ಯವಾಗಿ ವ್ಯಾಪಾರದ ಸರಕಿಗೆ ಆಗಿಬರುವುದಿಲ್ಲ, ಬೇರೆ ಮಾಡಿಸಿ.

ಇನ್ನೊಂದು. 12 ತಿಂಗಳಲ್ಲಿ ಒಮ್ಮೆ ಎಟಿಎಫ್‌ನವರು ವಾರಂಟ್ ಇಲ್ಲದೆಯೇ ತಪಾಸಣೆಗೆ ಬರಬಹುದು. ನನ್ನಲ್ಲಿಗೆ ಬಂದದ್ದು ಊರಿಂದ ಅತ್ತೆ-ಮಾವ ಬಂದಿದ್ದಾಗಲೇ! ಅತ್ತೆ ಪಾಪ, ಆ ಅಧಿಕಾರಿಗೆ ಕೋಡುಬಳೆ ಕೊಡಲು ಹೊರಟಿದ್ದರು. ಅಧಿಕಾರಿ ಕೇಳಿದ್ದು ಮಾತ್ರ ಲೆಕ್ಕದ ಪುಸ್ತಕ. ಬಂದ ಕೋವಿ, ಹೋದ ಕೋವಿ, ಪ್ರತಿ ಗಿರಾಕಿಯ 4473 ಫಾರಂ (ಕೋವಿ ಪಡೆಯುವವರು ತುಂಬುವ ಎಟಿಎಫ್ ಫಾರಂ) ಎಲ್ಲ ತಾಳೆ ನೋಡಿದರು. ವಿಸಿಟರ್ ವೀಸಾದಲ್ಲಿ ಬಂದವರು, ಎಚ್-1ಬಿಯವರೂ ಅಷ್ಟೆ, ಬೇಟೆ ಲೈಸೆನ್ಸ್‌ನಂಥ ವಿನಾಯಿತಿ ಇಲ್ಲದಿದ್ದರೆ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ. ಹಾಗಾಗಿ ಸೇಫ್‌ನ ಬೀಗದ ಕೈ ನಿಮ್ಮ ಹತ್ತಿರವೇ ಇರಲಿ.

ಕೇಳಿದವರು
ಅಯ್ಯೋ, ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಸರಿಯಾಗಿ ಅಪ್ಪ ಬರುತ್ತಿದ್ದಾರೆ. ಕೋವಿಗೆ ತೋಕ್‌ಪೂ (ಹಬ್ಬದ ಹೂವು) ಇಡುವುದು ನಾನೇ ಅಂತ ಈಗಲೇ ಹೇಳಿಡಬೇಕು. ಕರಾರಿನ ಪ್ರತಿ ಕೌಂಟಿ ದಾಖಲೆಯಲ್ಲಿ ಸಿಕ್ಕಿತು. 'ಹೊರಗೆ ಕಾಣದ ಹೋಮ್ ಆಫೀಸ್ ಆಗಬಹುದು' ಅಂತಿದೆ, ಗಿರಾಕಿಗಳ ಸುದ್ದಿಯೇ ಇಲ್ಲ. ಮುಂದಿನ ಮೀಟಿಂಗ್‌ಗೆ ಪತ್ರ ಬರೆಯುತ್ತಿದ್ದೇನೆ. ಎಟಿಎಫ್ ಅರ್ಜಿ ಸದ್ಯಕ್ಕೆ ಡ್ರಾಯರ್‌ನಲ್ಲಿ.