ಅಮೆರಿಕದ ಹಳೆಯ ಸ್ಟೀಮ್ ಎಂಜಿನ್‌ಗಳನ್ನು ಸುಳಿವಿನಿಂದ ಗುರುತಿಸುವುದು ಹೇಗೆ?

ಪ್ರಶ್ನೆ: ನಮ್ಮ ಕ್ವಿಜ್ ತಂಡದಲ್ಲಿ ಅಮೆರಿಕದ ಸ್ಟೀಮ್ ಎಂಜಿನ್‌ಗಳ ಸುತ್ತು ನನ್ನ ಪಾಲಿಗೆ ಬಂದಿದೆ. ಚಿತ್ರ ತೋರಿಸುವುದಿಲ್ಲ. ಎರಡು ಮೂರು ಸಾಲಿನ ಸುಳಿವು ಓದುತ್ತಾರೆ, ನಾವು ಹೆಸರು ಹೇಳಬೇಕು. ಬಿಗ್ ಬಾಯ್ ಒಂದು ಗೊತ್ತು, ಉಳಿದದ್ದೆಲ್ಲ ಕಲಸುಮೇಲೋಗರ. 4-8-4, 2-8-2 ಅಂತ ಅಂಕಿ ಬಂದರಂತೂ ಏನೂ ತೋಚುವುದಿಲ್ಲ. ಎಲ್ಲಿಂದ ಶುರು ಮಾಡಲಿ? ಅನುಭವ ಇರುವವರು ಹೇಳಿ.

*

ಆ ಅಂಕಿಗಳಿಂದಲೇ ಶುರು ಮಾಡಿ. ಎಂಜಿನ್ನಿನ ಮೂತಿಯಿಂದ ಹಿಂದಕ್ಕೆ ಚಕ್ರ ಎಣಿಸುತ್ತಾ ಹೋಗುವುದು, ಅಷ್ಟೇ. ಮೊದಲು ಮುಂದಿನ ಸಣ್ಣ ಚಕ್ರಗಳು, ಆಮೇಲೆ ಗಾಡಿಯನ್ನು ನಿಜವಾಗಿ ಎಳೆಯುವ ದೊಡ್ಡ ಚಕ್ರಗಳು, ಕೊನೆಗೆ ಡ್ರೈವರ್ ಇರುವ ಕ್ಯಾಬಿನ ಕೆಳಗಿನ ಸಣ್ಣ ಚಕ್ರಗಳು. ಎರಡೂ ಬದಿಯವು ಸೇರಿ ಲೆಕ್ಕ. ಟೆಂಡರಿನ, ಅಂದರೆ ಇಂಧನ, ನೀರು ಹೊರುವ ಜೊತೆಗಾಡಿಯ ಚಕ್ರ ಲೆಕ್ಕಕ್ಕಿಲ್ಲ. ಇದೇ ವೈಟ್ ಪದ್ಧತಿ.

ಸುಳಿವಿನಲ್ಲಿ ನಾಲ್ಕು ಅಂಕಿ ಬಂದರೆ ಒಂದೇ ಬಾಯ್ಲರಿನ ಕೆಳಗೆ ಎರಡು ಗುಂಪು ದೊಡ್ಡ ಚಕ್ರಗಳಿವೆ ಅಂತ ಅರ್ಥ. 4-8-8-4 ಅಂದರೆ ಬಿಗ್ ಬಾಯ್, ಬೇರೆ ಯೋಚನೆಯೇ ಬೇಡ. ಯೂನಿಯನ್ ಪೆಸಿಫಿಕ್ ಕಂಪನಿಗಾಗಿ ಎಂಜಿನ್ ಕಟ್ಟುವ ಆಲ್ಕೋ ಕಂಪನಿಯವರು 1941ರಲ್ಲಿ 20, 1944ರಲ್ಲಿ 5, ಒಟ್ಟು 25 ಕಟ್ಟಿದರು. 8 ಉಳಿದಿವೆ. ಅದರಲ್ಲಿ 4014 ನಂಬರಿನದು 2019ರಲ್ಲಿ ರಿಪೇರಿಯಾಗಿ ಮತ್ತೆ ಹಳಿಗೆ ಬಂತು. 4-6-6-4 ಅಂದರೆ ಚಾಲೆಂಜರ್. ಅದೂ ಯೂನಿಯನ್ ಪೆಸಿಫಿಕ್, ಅದೂ ಆಲ್ಕೋ, ಹಾಗಾಗಿ ಇವೆರಡನ್ನು ಬೇಕಂತಲೇ ಅಕ್ಕಪಕ್ಕ ಇಡುತ್ತಾರೆ. ಆದರೆ ಚಾಲೆಂಜರ್ ಬೇರೆ ಕಂಪನಿಗಳ ಹಳಿಯ ಮೇಲೂ ಓಡಿತು, ಬಿಗ್ ಬಾಯ್ ಇನ್ಯಾರ ಬಳಿಯೂ ಇರಲಿಲ್ಲ. 'ಒಂದೇ ಕಂಪನಿ' ಎಂಬ ಮಾತು ಕಿವಿಗೆ ಬಿದ್ದರೆ ಅದನ್ನು ಬಿಡಬೇಡಿ.

*

ಮೇಲಿನವರು ಹೇಳಿದ್ದು ಸರಿ, ಆದರೆ ಚಕ್ರ ಗೊತ್ತಾದರೆ ಅರ್ಧ ಕೆಲಸ ಮಾತ್ರ ಮುಗಿಯಿತು. ಒಂದೇ ಚಕ್ರ ಜೋಡಣೆಗೆ ಕಂಪನಿಗೊಂದು ಹೆಸರು ಇದೆ. 4-8-4 ಮೊದಲು ಬಂದದ್ದು ನಾರ್ದರ್ನ್ ಪೆಸಿಫಿಕ್ ಕಂಪನಿಗೆ, 1927ರ ಸುಮಾರಿಗೆ. ಅದಕ್ಕೇ 'ನಾರ್ದರ್ನ್' ಅನ್ನುವುದು. ಅದನ್ನೇ ನ್ಯೂಯಾರ್ಕ್ ಸೆಂಟ್ರಲ್‌ನವರು ನಯಾಗರಾ ಅಂದರು, ಚೆಸಪೀಕ್ ಆ್ಯಂಡ್ ಒಹಾಯೋದವರು ಗ್ರೀನ್‌ಬ್ರೈಯರ್ ಅಂದರು, ಲ್ಯಾಕವಾನಾದವರು ಪೊಕೊನೊ ಅಂದರು. 4-8-2ಗೆ ಎಲ್ಲರೂ ಮೌಂಟನ್ ಅನ್ನುವಾಗ ನ್ಯೂಯಾರ್ಕ್ ಸೆಂಟ್ರಲ್ ಮಾತ್ರ ಮೊಹಾಕ್ ಎಂದು ಕರೆಯಿತು, ಯಾಕೆಂದರೆ ಅದರ ಮುಖ್ಯ ಹಳಿ ನದಿ ದಂಡೆ ಹಿಡಿದು ಸಮತಟ್ಟಾಗಿ ಹೋಗುತ್ತಿತ್ತು, ಅದನ್ನೇ ಜಾಹೀರಾತಿನಲ್ಲೂ ಹೇಳಿಕೊಳ್ಳುತ್ತಿದ್ದರು, ಅಂಥವರು ಎಂಜಿನ್ನಿಗೆ ಬೆಟ್ಟದ ಹೆಸರು ಇಡುತ್ತಾರಾ ಹೇಳಿ. ಹಾಗಾಗಿ ಸುಳಿವಿನಲ್ಲಿ ಕಂಪನಿ, ನದಿ, ರಾಜ್ಯ ಯಾವುದು ಬಂದರೂ ಗಮನ ಕೊಡಿ.

2-8-2 ಅಂದರೆ ಮಿಕಾಡೊ. ಬಾಲ್ಡ್‌ವಿನ್ ಕಂಪನಿ 1897ರಲ್ಲಿ ಜಪಾನಿಗೆ ಕಟ್ಟಿಕೊಟ್ಟದ್ದರಿಂದ ಆ ಹೆಸರು. ಎರಡನೇ ಮಹಾಯುದ್ಧದಲ್ಲಿ ಜಪಾನೇ ಶತ್ರುವಾದಾಗ ಕೆಲವರು ಅದನ್ನು ಮ್ಯಾಕ್‌ಆರ್ಥರ್ ಎಂದು ಕರೆದರು. ನೆನಪಿಡಲು ನಮ್ಮ ಕಡೆಯದ್ದೇ ಆಧಾರ ಬೇಕಾದರೆ, ಭಾರತೀಯ ರೈಲ್ವೆಯ ಡಬ್ಲ್ಯೂಜಿ ಗೂಡ್ಸ್ ಎಂಜಿನ್ ಕೂಡ 2-8-2. ಪ್ಯಾಸೆಂಜರ್ ಗಾಡಿ ಎಳೆಯುತ್ತಿದ್ದ ಗುಂಡು ಮೂತಿಯ ಡಬ್ಲ್ಯೂಪಿ 4-6-2, ಅಂದರೆ ಪೆಸಿಫಿಕ್. ಅದರ ಮೊದಲ ಕೆಲವು 1947ರಲ್ಲಿ ಬಾಲ್ಡ್‌ವಿನ್‌ನಿಂದಲೇ ಬಂದಿದ್ದವು.

*

ನನ್ನ ದಾರಿ ಬೇರೆ. ಎಂಜಿನ್ ಯಾಕೆ ಆ ಆಕಾರದಲ್ಲಿದೆ ಅಂತ ತಿಳಿದುಕೊಳ್ಳಿ, ಆಮೇಲೆ ಮರೆಯಲು ಹೋದರೂ ಮರೆಯುವುದಿಲ್ಲ. ಸದರ್ನ್ ಪೆಸಿಫಿಕ್ ಕಂಪನಿಯ ಕ್ಯಾಬ್ ಫಾರ್ವರ್ಡ್ ನೋಡಿ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟದಲ್ಲಿ ಸುರಂಗಗಳು ಜಾಸ್ತಿ. ಅದರ ಜೊತೆಗೆ ಹಿಮ ಬೀಳದಿರಲಿ ಅಂತ ಹಳಿಯ ಮೇಲೆ ಉದ್ದುದ್ದ ಚಾವಣಿ ಹಾಕಿದ್ದರು. ಭಾರೀ ಎಂಜಿನ್ ಅದರೊಳಗೆ ಏರುವಾಗ ಚಿಮಣಿಯ ಹೊಗೆ ಹೊರಗೆ ಹೋಗದೆ ಹಿಂದಿನ ಕ್ಯಾಬಿಗೇ ನುಗ್ಗುತ್ತಿತ್ತು, ಡ್ರೈವರ್, ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ಇಬ್ಬರಿಗೂ ಉಸಿರು ಕಟ್ಟುತ್ತಿತ್ತು. ಅದಕ್ಕೆ ಇಡೀ ಎಂಜಿನ್ನನ್ನೇ ತಿರುಗಿಸಿ ಕ್ಯಾಬು ಮುಂದೆ, ಚಿಮಣಿ ಹಿಂದೆ ಮಾಡಿದರು. ಕಲ್ಲಿದ್ದಲಾಗಿದ್ದರೆ ಇದು ಆಗುತ್ತಿರಲಿಲ್ಲ. ಟೆಂಡರ್ ಒಂದು ತುದಿ, ಬೆಂಕಿ ಇನ್ನೊಂದು ತುದಿ, ಸಲಿಕೆಯಲ್ಲಿ ಹಾಕುವುದು ಹೇಗೆ? ಅಲ್ಲಿ ಉರಿಸುತ್ತಿದ್ದದ್ದು ಎಣ್ಣೆ, ಪೈಪಿನಲ್ಲಿ ಮುಂದಕ್ಕೆ ಕಳಿಸಬಹುದಿತ್ತು. 'ಹಿಮದ ಚಾವಣಿ', 'ಎಣ್ಣೆ', 'ಮುಂದೆ ಕೂತ ಡ್ರೈವರ್', ಇದರಲ್ಲಿ ಎರಡು ಸಿಕ್ಕರೆ ಉತ್ತರ ಸಿಕ್ಕಿತು. ಉಳಿದಿರುವುದು 4294 ಒಂದೇ, ಸ್ಯಾಕ್ರಮೆಂಟೋದ ಮ್ಯೂಸಿಯಮ್ಮಿನಲ್ಲಿದೆ.

ಹಾಗೆಯೇ ಮರದ ದಿಮ್ಮಿ, ಗೇರು, ಬಲಬದಿಗೆ ನೆಟ್ಟಗೆ ನಿಂತ ಸಿಲಿಂಡರ್ ಅಂದರೆ ಶೇ ಎಂಜಿನ್. ಕೆಂಪು, ಕಿತ್ತಳೆ ಬಣ್ಣದ ಪಟ್ಟೆ ಅಂದರೆ ಸದರ್ನ್ ಪೆಸಿಫಿಕ್‌ನ ಡೇಲೈಟ್. ಅದರಲ್ಲಿ 4449 ನಂಬರಿನದು 1975-76ರಲ್ಲಿ ಅಮೆರಿಕನ್ ಫ್ರೀಡಂ ಟ್ರೈನ್ ಎಳೆದಿತ್ತು.

ಡಿಸೈನರ್ ಹೆಸರು ಬಂದರೆ ಹುಷಾರು. ಹೆನ್ರಿ ಡ್ರೈಫಸ್ ಅಂದರೆ ನ್ಯೂಯಾರ್ಕ್ ಸೆಂಟ್ರಲ್‌ನ ಹಡ್ಸನ್, 1938. ರೇಮಂಡ್ ಲೋವಿ ಅಂದರೆ ಪೆನ್ಸಿಲ್ವೇನಿಯಾ ರೈಲ್‌ರೋಡ್‌ನ ಎಸ್1, 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಇಟ್ಟಿದ್ದರು. ಜಿಜಿ1 ಎಂಜಿನ್ನಿನಲ್ಲೂ ಲೋವಿ ಕೈ ಇದೆ, ಆದರೆ ಅದು ಎಲೆಕ್ಟ್ರಿಕ್. ಸ್ಟೀಮ್ ಸುತ್ತಿನಲ್ಲಿ ಅದನ್ನು ಹೇಳಿದರೆ ಪಾಯಿಂಟ್ ಹೋಯಿತು.

*

'ಮೊದಲನೆಯದು' ಅಂತ ಬಂದಾಗ ಬಜರ್ ಒತ್ತಲು ಅವಸರ ಬೇಡ, ಏನರಲ್ಲಿ ಮೊದಲು ಅಂತ ಪೂರ್ತಿ ಕೇಳಿಸಿಕೊಳ್ಳಿ. 1829ರಲ್ಲಿ ಅಮೆರಿಕದ ಹಳಿಯ ಮೇಲೆ ಓಡಿದ ಸ್ಟೌರ್‌ಬ್ರಿಜ್ ಲಯನ್ ಕಟ್ಟಿದ್ದು ಇಂಗ್ಲೆಂಡಿನಲ್ಲಿ. ಕುದುರೆ ಜೊತೆ ಪಂದ್ಯದ ಕತೆ ಬಂದರೆ ಟಾಮ್ ಥಂಬ್, 1830. ಅಮೆರಿಕದಲ್ಲೇ ಕಟ್ಟಿ ದಿನನಿತ್ಯದ ಓಡಾಟಕ್ಕೆ ಇಳಿಸಿದ್ದು ಅಂದರೆ ಬೆಸ್ಟ್ ಫ್ರೆಂಡ್ ಆಫ್ ಚಾರ್ಲ್ಸ್‌ಟನ್. ಹೆಚ್ಚಾದ ಹಬೆ ಹೊರಬಿಡುವ ಸೇಫ್ಟಿ ವಾಲ್ವಿನ ಸದ್ದು ತಡೆಯಲಾರದೆ ಫೈರ್‌ಮನ್ ಅದನ್ನು ಮುಚ್ಚಿದ್ದಕ್ಕೆ 1831ರಲ್ಲಿ ಬಾಯ್ಲರ್ ಸಿಡಿಯಿತು ಅನ್ನುವುದೂ ಇದರ ಕತೆಯೇ.

ಜೋಡಿಗಳನ್ನು ಜೋಡಿಯಾಗಿಯೇ ಕಲಿಯಿರಿ. 1869ರ ಮೇ 10ರಂದು ಅಮೆರಿಕವನ್ನು ದಾಟುವ ರೈಲು ಹಳಿಯ ಎರಡು ತುದಿ ಕೂಡಿದಾಗ ಯೂಟಾದ ಪ್ರೊಮೊಂಟರಿಯಲ್ಲಿ ಮುಖಾಮುಖಿ ನಿಂತದ್ದು ಜುಪಿಟರ್ ಮತ್ತು 119 ನಂಬರಿನ ಎಂಜಿನ್. ಜುಪಿಟರ್ ಸೌದೆ ಉರಿಸುತ್ತಿತ್ತು, 119 ಕಲ್ಲಿದ್ದಲು. ಈಗ ಅಲ್ಲಿರುವುದು ಆಮೇಲೆ ಕಟ್ಟಿದ ಪ್ರತಿರೂಪಗಳು. ಅಂತರ್ಯುದ್ಧದ ವೇಳೆ, 1862ರಲ್ಲಿ, ಜಾರ್ಜಿಯಾದಲ್ಲಿ ಕದ್ದೊಯ್ದದ್ದು ಜನರಲ್, ಹಿಮ್ಮುಖವಾಗಿ ಓಡುತ್ತಲೇ ಅದನ್ನು ಅಟ್ಟಿಸಿಕೊಂಡು ಹೋದದ್ದು ಟೆಕ್ಸಾಸ್. ಇವೆರಡೂ ಇವತ್ತಿಗೂ ಇವೆ.

*

ಕಟ್ಟಿದ ಊರನ್ನೂ ಕಲಿಯಿರಿ, ಇದನ್ನು ಯಾರೂ ಹೇಳಲಿಲ್ಲ. ಫಿಲಡೆಲ್ಫಿಯಾ ಅಂದರೆ ಬಾಲ್ಡ್‌ವಿನ್, ಸ್ಕೆನೆಕ್ಟಡಿ ಅಂದರೆ ಆಲ್ಕೋ, ಒಹಾಯೋದ ಲೈಮಾ ಅಂದರೆ ಲೈಮಾ ಕಂಪನಿ. ರೋನೋಕ್ ಅಂದರೆ ನಾರ್ಫೋಕ್ ಆ್ಯಂಡ್ ವೆಸ್ಟರ್ನ್‌ನ ಸ್ವಂತ ಕಾರ್ಖಾನೆ, 1950ರ 611 ನಂಬರಿನ ಎಂಜಿನ್ ಅಲ್ಲಿಯದೇ.

ಎಲ್ಲ ಸೇರಿಸಿ ಒಂದು ಸುಳಿವು ಬಿಡಿಸೋಣ: "1941ರಿಂದ ಲೈಮಾದಲ್ಲಿ ಕಟ್ಟಿದರು, ಪೂರ್ವದ ಬೆಟ್ಟಗಳಲ್ಲಿ ಕಲ್ಲಿದ್ದಲು ಎಳೆಯಿತು, ಎರಡೇ ಉಳಿದಿವೆ, ಒಂದು ಡಿಯರ್‌ಬಾರ್ನ್‌ನಲ್ಲಿ, ಇನ್ನೊಂದು ಬಾಲ್ಟಿಮೋರ್‌ನಲ್ಲಿ, ಕ್ಯಾಬಿನ ಕಡೆ ಆರು ಸಣ್ಣ ಚಕ್ರ." ಲೈಮಾ ಅಂದ ಮೇಲೆ ಬಿಗ್ ಬಾಯ್ ಅಲ್ಲ. ಪೂರ್ವ, ಕಲ್ಲಿದ್ದಲು ಅಂದರೆ ಚೆಸಪೀಕ್ ಆ್ಯಂಡ್ ಒಹಾಯೋ ಕಡೆ ನೋಡಬೇಕು. ಹಿಂದೆ ಆರು ಚಕ್ರ ಯಾಕೆ ಬೇಕು? ಬೆಂಕಿ ಉರಿಯುವ ಅಷ್ಟು ದೊಡ್ಡ ಫೈರ್‌ಬಾಕ್ಸನ್ನು ಹೊರಲು. ಹಾಗಾದರೆ 2-6-6-6, ಅಲೆಘೇನಿ.