85 ಮಿ.ಮೀ. ಲೆನ್ಸ್: ಎಫ್/1.4ಕ್ಕೆ ಹೆಚ್ಚು ಹಣ ಕೊಡುವುದು ಸರಿಯೇ?

ಪ್ರಶ್ನೆ

ನನ್ನಲ್ಲಿ ನಿಕಾನ್ ಡಿ750 ಕ್ಯಾಮೆರಾ ಇದೆ. ಮನೆಯವರ ಪೋರ್ಟ್ರೇಟ್‌ಗಳಿಗೂ ನಾಮಕರಣ, ನಿಶ್ಚಿತಾರ್ಥದಂತಹ ಸಣ್ಣ ಸಮಾರಂಭಗಳಿಗೂ ಬೇಕಾಗಿ, ಸೆಕೆಂಡ್‌ಹ್ಯಾಂಡ್ 85 ಮಿ.ಮೀ. ಲೆನ್ಸ್ ಒಂದನ್ನು ಕೊಳ್ಳಬೇಕೆಂದಿದ್ದೇನೆ. 2010ರ ಎಫ್/1.4ಜಿ ಲೆನ್ಸಿನ ಬೆಲೆ 2012ರ ಎಫ್/1.8ಜಿಗಿಂತ ಬಹಳ ಹೆಚ್ಚು. ಲೆನ್ಸಿನ ತೀಕ್ಷ್ಣತೆಯನ್ನು ತೋರಿಸುವ ಎಂಟಿಎಫ್ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೂ ಯಾವುದು ಹೆಚ್ಚು ತೀಕ್ಷ್ಣವೆಂದು ನಿರ್ಧರಿಸಲು ಆಗುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಆ ಎರಡು ನಕ್ಷೆಗಳನ್ನು ನೇರವಾಗಿ ಹೋಲಿಸಲು ಬರುವುದಿಲ್ಲ. ನಿಕಾನ್ ತನ್ನ ನಕ್ಷೆಗಳನ್ನು ಲೆನ್ಸಿನ ಅತಿ ದೊಡ್ಡ ಅಪರ್ಚರ್‌ನಲ್ಲಿ (ಬೆಳಕು ಒಳಬರುವ ರಂಧ್ರ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅದು ದೊಡ್ಡದು) ಕೊಡುತ್ತದೆ. ಹಾಗಾಗಿ ಒಂದು ಎಫ್/1.4ರದ್ದು, ಇನ್ನೊಂದು ಎಫ್/1.8ರದ್ದು. ಜೊತೆಗೆ ನಕ್ಷೆಯ ಅಡ್ಡಸಾಲು ಚಿತ್ರದ ನಡುವಿನಿಂದ ಇರುವ ದೂರವನ್ನು ಮಿ.ಮೀ.ನಲ್ಲಿ ತೋರಿಸುತ್ತದೆ; ಅದರ ಬಲತುದಿ ಎಂದರೆ ಚಿತ್ರದ ಮೂಲೆ, ಅಲ್ಲಿ ಪೋರ್ಟ್ರೇಟ್‌ನಲ್ಲಿ ಸಾಮಾನ್ಯವಾಗಿ ಮಸುಕಾದ ಹಿನ್ನೆಲೆಯೇ ಇರುತ್ತದೆ. ಕ್ಯಾಮೆರಾವನ್ನು ಉದ್ದವಾಗಿ ಹಿಡಿದು ಕಣ್ಣುಗಳನ್ನು ಮೇಲಿನಿಂದ ಮೂರನೆಯ ಒಂದು ಭಾಗದಲ್ಲಿ ಇರಿಸಿದರೆ, ಅವು ಸೆನ್ಸರ್‌ನ ನಡುಬಿಂದುವಿನಿಂದ ಸುಮಾರು 6 ಮಿ.ಮೀ. ದೂರದಲ್ಲಿ ಬೀಳುತ್ತವೆ. ಆದ್ದರಿಂದ ನೀವು ನೋಡಬೇಕಾದದ್ದು 5ರಿಂದ 10 ಮಿ.ಮೀ. ನಡುವಿನ ಭಾಗವನ್ನು; ಅದರಲ್ಲೂ ರೆಪ್ಪೆಗೂದಲಿನಂತಹ ಸೂಕ್ಷ್ಮ ವಿವರಗಳನ್ನು ಸೂಚಿಸುವ, ಮಿಲಿಮೀಟರ್‌ಗೆ 30 ಜೋಡಿ ಗೆರೆಗಳ ರೇಖೆಯನ್ನು.

ಇನ್ನೊಂದು ಲೆಕ್ಕವೂ ಮುಖ್ಯ. ಎರಡು ಮೀಟರ್ ದೂರದಲ್ಲಿ ನಿಂತವರ ಮೇಲೆ ಫೋಕಸ್ ಮಾಡಿದಾಗ ಸ್ಪಷ್ಟವಾಗಿರುವ ಆಳ ಎಫ್/1.8ರಲ್ಲಿ ಸುಮಾರು 6 ಸೆಂ.ಮೀ., ಎಫ್/1.4ರಲ್ಲಿ ಸುಮಾರು 4.5 ಸೆಂ.ಮೀ. ಮಾತ್ರ. ಮುಖ ಸ್ವಲ್ಪ ಹೊರಳಿದರೂ ಆಚೆಯ ಕಣ್ಣು ಮಸುಕಾಗುವುದರಿಂದ ಅನೇಕರು ಎಫ್/2.8ರ ಸುತ್ತಮುತ್ತಲೇ ಕೆಲಸ ಮಾಡುತ್ತಾರೆ, ಮತ್ತು ಆ ಅಪರ್ಚರ್‌ನಲ್ಲಿ 12×18 ಅಂಗುಲದ ಮುದ್ರಣವನ್ನು ನೋಡಿ ಇದು ಯಾವ ಲೆನ್ಸಿನದೆಂದು ಹೇಳುವುದು ಕಷ್ಟ. ತೀಕ್ಷ್ಣತೆಯೊಂದಕ್ಕಾಗಿ ಎಫ್/1.4ಕ್ಕೆ ಹಣ ಕೊಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಉತ್ತರ 2

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಬೆಲೆಯನ್ನು ತೀಕ್ಷ್ಣತೆಯಿಂದ ಮಾತ್ರ ಅಳೆಯಬಾರದು. ಎಫ್/1.4ಜಿಯಲ್ಲಿ ಅಪರ್ಚರ್‌ನ ಎಲೆಗಳು ಒಂಬತ್ತು, ಎಫ್/1.8ಜಿಯಲ್ಲಿ ಏಳು, ಎಫ್/2.8ಕ್ಕೆ ಇಳಿಸಿದಾಗಲೂ ಹಿಂದಿನ ದೀಪದ ಚುಕ್ಕೆಗಳು ಮೊದಲನೆಯದರಲ್ಲಿ ಹೆಚ್ಚು ದುಂಡಗೆ ಉಳಿಯುತ್ತವೆ. ಬೆಳಕಿನ ಲಾಭ ಮೂರನೆಯ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ), ಅಂದರೆ ಸೆನ್ಸರ್‌ನ ಸೂಕ್ಷ್ಮತೆಯಾದ ಐಎಸ್ಒ 3200 ಬೇಕಾದಲ್ಲಿ 2000 ಸಾಕು. ರಾತ್ರಿಯ ಆರತಕ್ಷತೆಗಳನ್ನು ಹಣ ಪಡೆದು ಚಿತ್ರಿಸುವವರಿಗೆ ಇದು ಸಣ್ಣ ವಿಷಯವಲ್ಲ, ನಾನು ಅದನ್ನೇ ಬಳಸುತ್ತೇನೆ. ಆದರೆ ಅದರ ತೂಕ 595 ಗ್ರಾಂ, ಇನ್ನೊಂದರದು 350 ಗ್ರಾಂ. ಮನೆಯ ಚಿತ್ರಗಳಿಗೆ ಹಗುರವಾದದ್ದೇ ಹೆಚ್ಚು ಸಲ ಕೈಗೆ ಬರುತ್ತದೆ.

ಉತ್ತರ 3

ಬಳಸಿದ ಲೆನ್ಸ್ ಕೊಳ್ಳುವಾಗ ಮಾದರಿಗಿಂತ ಕೈಯಲ್ಲಿರುವ ಆ ಪ್ರತಿಯನ್ನೇ ಪರೀಕ್ಷಿಸಬೇಕು. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಒಬ್ಬರನ್ನು ಎರಡು ಮೀಟರ್ ದೂರದಲ್ಲಿ ಕೂರಿಸಿ, ಅತಿ ದೊಡ್ಡ ಅಪರ್ಚರ್‌ನಲ್ಲಿ ಅವರ ಕಣ್ಣಿನ ಮೇಲೆ ವ್ಯೂಫೈಂಡರ್‌ನಿಂದ ಕೆಲವು ಚಿತ್ರ, ಲೈವ್ ವ್ಯೂನಿಂದ (ಹಿಂದಿನ ಪರದೆಯಲ್ಲಿ ನೋಡುತ್ತಾ) ಕೆಲವು ಚಿತ್ರ ತೆಗೆಯಿರಿ. ಲೈವ್ ವ್ಯೂ ಚಿತ್ರಗಳು ತೀಕ್ಷ್ಣವಾಗಿದ್ದು ಉಳಿದವು ಪ್ರತಿ ಸಲವೂ ಮೂಗಿನ ಮೇಲೋ ಕಿವಿಯ ಮೇಲೋ ನಿಂತಿದ್ದರೆ, ದೋಷ ಗಾಜಿನದಲ್ಲ, ಫೋಕಸ್ ಹೊಂದಾಣಿಕೆಯದು. ಡಿ750ಯ ಎಎಫ್ ಫೈನ್-ಟ್ಯೂನ್ (ಸ್ವಯಂ ಫೋಕಸನ್ನು ತುಸು ಹಿಂದೆ ಮುಂದೆ ಸರಿಸುವ) ಸೌಲಭ್ಯದಿಂದ ಅದನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಲೈವ್ ವ್ಯೂನಲ್ಲೂ ಮಸುಕಾಗಿದ್ದರೆ ಆ ಲೆನ್ಸನ್ನು ಬಿಟ್ಟುಬಿಡಿ. ದೂರದ ಕಟ್ಟಡವೊಂದನ್ನು ಚಿತ್ರಿಸಿ ಎಡ ಮತ್ತು ಬಲ ಅಂಚುಗಳು ಒಂದೇ ಬಗೆಯಲ್ಲಿವೆಯೇ ಎಂದೂ ನೋಡಿ.

ಗಾಳಿಯಲ್ಲಿ ತೇವ ಹೆಚ್ಚಿರುವ ಮಂಗಳೂರು, ಉಡುಪಿ ಕಡೆಯಲ್ಲಿ ಬಳಸಿದ ಲೆನ್ಸಾದರೆ ಟಾರ್ಚ್ ಹಿಡಿದು ಒಳಗಿನ ಗಾಜಿನಲ್ಲಿ ಜೇಡರ ಬಲೆಯಂತಹ ಫಂಗಸ್ ಎಳೆಗಳಿವೆಯೇ ಎಂದು ಅವಶ್ಯವಾಗಿ ಪರಿಶೀಲಿಸಿ, ಏಕೆಂದರೆ ಅದು ಗಾಜಿನ ಲೇಪನವನ್ನೇ ತಿಂದುಹಾಕಬಲ್ಲದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಎಫ್/1.8ಜಿಯನ್ನೇ ನೋಡುತ್ತೇನೆ. ಪರೀಕ್ಷೆಗೆ ಒಂದು ಹಗಲು ಲೆನ್ಸನ್ನು ಕೈಗೆ ಕೊಡಲು ಮಾರುವವರು ಒಪ್ಪಿದರೆ ಮಾತ್ರ ಮುಂಗಡ ಕೊಡುವೆ.