ಪದಚರ್ಚೆ: ದೋಣಿಯ ಎಸಿಯಲ್ಲಿ ‘ಶೋಧಕ’ ಎಂದರೆ ಯಾವುದು?

ಗೆಳೆಯರೆ,

ದೋಣಿಯ ಹವಾನಿಯಂತ್ರಣ ಯಂತ್ರವನ್ನು ಮಾಲೀಕರೇ ನೋಡಿಕೊಳ್ಳಲು ನೆರವಾಗುವ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕರಡಿನಲ್ಲಿ ‘ತಿಂಗಳಿಗೊಮ್ಮೆ ಶೋಧಕವನ್ನು ತೆಗೆದು ತೊಳೆಯಿರಿ’ ಎಂದು ಬರೆದಿದ್ದೆ. ಓದಿದ ಸ್ನೇಹಿತರೊಬ್ಬರು ಹಾಗೆಯೇ ಮಾಡಿದರು. ಕ್ಯಾಬಿನ್ ಗೋಡೆಯ ಜಾಲರಿಯ ಹಿಂದಿದ್ದ ಗಾಳಿಯ ಫಿಲ್ಟರನ್ನು ತೆಗೆದು, ಧೂಳು ತೊಳೆದು, ಒಣಗಿಸಿ ಮತ್ತೆ ಕೂರಿಸಿದರು. ಯಂತ್ರ ಹತ್ತು ನಿಮಿಷ ಓಡಿತು, ‘ಅಧಿಕ ಒತ್ತಡ’ ಎಂದು ತೋರಿಸಿ ಹಿಂದಿನಂತೆಯೇ ನಿಂತಿತು. ನಾನು ಹೇಳಿದ್ದು ನೆಲಹಲಗೆಯ ಕೆಳಗಿರುವ ಇನ್ನೊಂದನ್ನು, ಸಮುದ್ರದ ನೀರು ಹಾದುಬರುವ ಬುಟ್ಟಿಯನ್ನು. ಅದರ ತುಂಬ ಪಾಚಿ ಗಿಡಿದುಕೊಂಡಿತ್ತು. ತಪ್ಪು ಅವರದಲ್ಲ, ನನ್ನ ವಾಕ್ಯದ್ದು.

ಯಂತ್ರದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಮನೆಯ ಎಸಿ ಒಳಗಿನ ಬಿಸಿಯನ್ನು ಹೊರಗಿನ ಗಾಳಿಗೆ ಬಿಡುತ್ತದೆ. ದೋಣಿಯ ಎಸಿ ಅದನ್ನು ದೋಣಿ ತೇಲುತ್ತಿರುವ ನೀರಿಗೇ ಬಿಡುತ್ತದೆ. ದೋಣಿಯ ತಳದಲ್ಲಿರುವ ಬಾಯಿಯಿಂದ ನೀರು ಒಳಗೆ ಬರುತ್ತದೆ; ಒಂದು ಕವಾಟ, ಒಂದು ಸೋಸುವ ಬುಟ್ಟಿ, ಒಂದು ಪಂಪ್, ಒಂದು ಲೋಹದ ಸುರುಳಿ, ಇಷ್ಟನ್ನು ದಾಟಿ ದೋಣಿಯ ಪಕ್ಕದಿಂದ ಹೊರಗೆ ಸುರಿಯುತ್ತದೆ. ಈ ಹರಿವು ಕಡಿಮೆಯಾದರೆ ಬಿಸಿಗೆ ಹೋಗಲು ದಾರಿಯಿಲ್ಲ. ಒಳಗಿನ ಗ್ಯಾಸಿನ ಒತ್ತಡ ಏರುತ್ತದೆ, ಯಂತ್ರ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಆದ್ದರಿಂದ ದೋಣಿಯ ಎಸಿಯ ದುರಸ್ತಿಯಲ್ಲಿ ಬಹುಪಾಲು ಕೆಲಸ ನೀರಿನ ದಾರಿಯನ್ನು ಸರಾಗವಾಗಿಡುವುದೇ. ನಮ್ಮ ಪದಗಳು ಎಡವುವುದೂ ಅಲ್ಲಿಯೇ.

ಮೊದಲು ಶೋಧಕ. ಇಂಗ್ಲಿಷಿನಲ್ಲಿ ನೀರಿನದಕ್ಕೆ ಸ್ಟ್ರೇನರ್, ಗಾಳಿಯದಕ್ಕೆ ಫಿಲ್ಟರ್ ಎಂದು ಬೇರೆ ಬೇರೆ ಹೆಸರಿದೆ. ನಾವು ಎರಡಕ್ಕೂ ಶೋಧಕ ಎಂದುಬಿಡುತ್ತೇವೆ. ಸಾಲದೆಂಬಂತೆ ‘ಶೋಧ’ಕ್ಕೆ ಹುಡುಕಾಟ ಎಂಬ ಅರ್ಥವೇ ಇಂದು ಮೊದಲು ಹೊಳೆಯುತ್ತದೆ. ಗಾಳಿಯದನ್ನು ಫಿಲ್ಟರ್ ಎಂದೇ ಉಳಿಸಿಕೊಳ್ಳೋಣ, ಎಲ್ಲರ ಬಾಯಲ್ಲಿ ಇರುವುದು ಅದೇ. ನೀರಿನದಕ್ಕೆ ‘ಜರಡಿ’ ಎನ್ನಬಹುದೇ ಎಂದು ಯೋಚಿಸಿದೆ. ಆದರೆ ಜರಡಿ ಹಿಡಿಯುವುದು ಒಣ ಪದಾರ್ಥವನ್ನು. ಅದರಲ್ಲಿ ಅಲ್ಲಾಡಿಸುವ ಭಾವವೂ ಸೇರಿದೆ. ನೀರನ್ನು ನಾವು ಸೋಸುತ್ತೇವೆ. ಮುಚ್ಚಳ ತಿರುಗಿಸಿ ತೆಗೆದರೆ ಒಳಗೆ ಕಾಣುವುದು ತೂತುಗಳಿರುವ ಪುಟ್ಟ ಬುಟ್ಟಿ. ಹಾಗಾಗಿ ‘ಸೋಸುಬುಟ್ಟಿ’ ಎಂದು ಬರೆದೆ. ಇದನ್ನು ಓದಿದವರು ಗಾಳಿಯ ಜಾಲರಿಯ ಕಡೆ ಹೋಗಲಾರರು ಎಂಬ ನಂಬಿಕೆ ನನಗಿದೆ.

ಹೊರಗಿನಿಂದ ಬರುವ ಈ ನೀರಿಗೆ ಇಂಗ್ಲಿಷಿನ ‘ರಾ ವಾಟರ್’ ಅನ್ನು ಅನುಸರಿಸಿದ ‘ಕಚ್ಚಾ ನೀರು’ ಎಂಬುದನ್ನು ಬಿಟ್ಟೇ ಬಿಟ್ಟೆ. ಕಚ್ಚಾ ಎಂದರೆ ಮುಂದೆ ಸಂಸ್ಕರಿಸಿ ಬೇರೇನೋ ಮಾಡುವ ವಸ್ತು. ಇಲ್ಲಿ ನೀರು ಬಂದ ಹಾಗೆಯೇ ತುಸು ಬೆಚ್ಚಗಾಗಿ ಮರಳುತ್ತದೆ. ‘ಸಮುದ್ರದ ನೀರು’ ಎಂದರೆ ಸರೋವರ, ನದಿಗಳ ದೋಣಿಗಳು ಹೊರಗುಳಿಯುತ್ತವೆ. ‘ಹೊರನೀರು’ ಎಂದರೆ ಸಾಕು. ದೋಣಿಯ ತೊಟ್ಟಿಯಲ್ಲಿರುವ ಕುಡಿಯುವ ನೀರಿನಿಂದ ಅದು ತಾನಾಗಿ ಬೇರೆಯಾಗುತ್ತದೆ.

ಇನ್ನು ನನ್ನನ್ನು ಹೆಚ್ಚು ದಿನ ಕಾಡಿದ ಜೋಡಿ: ಕಂಡೆನ್ಸರ್ ಮತ್ತು ಇವಾಪೊರೇಟರ್. ತಂಪು ಮಾಡುವಾಗ ಬಿಸಿಯನ್ನು ನೀರಿಗೆ ಬಿಡುವ ಸುರುಳಿ ಕಂಡೆನ್ಸರ್, ಕ್ಯಾಬಿನ್ ಗಾಳಿಯಿಂದ ಬಿಸಿಯನ್ನು ಹೀರುವ ಇನ್ನೊಂದು ಸುರುಳಿ ಇವಾಪೊರೇಟರ್. ಸಾಂದ್ರಕ, ಬಾಷ್ಪಕಾರಕ ಎಂಬ ಪದಗಳು ಸಿದ್ಧವಾಗಿಯೇ ಇವೆ, ವ್ಯಾಕರಣದಲ್ಲಿ ತಪ್ಪೂ ಇಲ್ಲ. ತೊಡಕು ಬರುವುದು ಎರಡು ಕಡೆ. ಎಸಿ ಓಡುವಾಗ ಗಾಳಿಯ ತೇವ ನೀರಾಗಿ ತೊಟ್ಟಿಕ್ಕುತ್ತದಲ್ಲ, ಅದನ್ನು ಇಂಗ್ಲಿಷಿನಲ್ಲಿ ಕಂಡೆನ್ಸೇಟ್ ಎನ್ನುತ್ತಾರೆ. ‘ಸಾಂದ್ರಿತ ಜಲದ ತಟ್ಟೆಯನ್ನು ಸ್ವಚ್ಛಗೊಳಿಸಿ’ ಎಂದು ಬರೆದರೆ ಓದುಗರು ಅದನ್ನು ಸಾಂದ್ರಕದ ಕೆಳಗೆ ಹುಡುಕುತ್ತಾರೆ. ಅದಿರುವುದು ಇನ್ನೊಂದರ ಕೆಳಗೆ. ಅಲ್ಲಿ ತಣ್ಣಗಿರುವ ಲೋಹಕ್ಕೆ ಗಾಳಿ ತಾಗಿ ಹನಿಯಾಗುತ್ತದೆ. ತಣ್ಣೀರಿನ ಪೈಪು ಬೆವರುತ್ತದೆ ಎಂದು ನಾವೆಲ್ಲ ಹೇಳುವ ಮಾತೇ ಇಲ್ಲಿ ಸರಿಹೊಂದುತ್ತದೆ: ಬೆವರುನೀರು, ಬೆವರುನೀರಿನ ತಟ್ಟೆ. ಈ ತಟ್ಟೆಯ ಕೊಳವೆ ಎಂಜಿನ್ ಕೋಣೆಯಲ್ಲಿ ಕೊನೆಗೊಳ್ಳಬಾರದು. ಫ್ಯಾನ್ ಎಳೆಯುವ ಗಾಳಿಯ ಜೊತೆ ಎಂಜಿನ್ನಿನ ಕಾರ್ಬನ್ ಮೊನಾಕ್ಸೈಡ್ ಆ ಕೊಳವೆಯ ಮೂಲಕ ಮಲಗುವ ಕ್ಯಾಬಿನ್ನಿಗೆ ಬರಬಹುದು. ಜೀವಕ್ಕೆ ಕುತ್ತಾಗಬಲ್ಲ ವಾಕ್ಯವೊಂದರಲ್ಲಿ ಪದ ಗೊಂದಲಮಯವಾಗಿರುವುದನ್ನು ನಾನು ಒಪ್ಪಲಾರೆ.

ಎರಡನೆಯ ತೊಡಕು ಇನ್ನೂ ಆಳದ್ದು. ದೋಣಿಯ ಎಸಿಗಳಲ್ಲಿ ಹಲವು ಹಿಮ್ಮುಖವಾಗಿಯೂ ಓಡುತ್ತವೆ. ಚಳಿಯಲ್ಲಿ ಹೊರನೀರಿನಿಂದ ಬಿಸಿಯನ್ನು ಎತ್ತಿ ಕ್ಯಾಬಿನ್ನಿಗೆ ತರುತ್ತವೆ. (ನೀರು 4–5 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಆ ಶಕ್ತಿ ಕುಂದುತ್ತದೆ.) ಆಗ ಎರಡೂ ಸುರುಳಿಗಳ ಕೆಲಸ ಅದಲುಬದಲಾಗುತ್ತದೆ. ಬೇಸಿಗೆಯ ಸಾಂದ್ರಕ ಚಳಿಗಾಲದ ಬಾಷ್ಪಕಾರಕ. ನಾನು ಮೊದಲು ಖುಷಿಯಿಂದ ಬರೆದುಕೊಂಡಿದ್ದ ‘ಬಿಸಿ ಸುರುಳಿ’, ‘ತಂಪು ಸುರುಳಿ’ ಎಂಬ ಪದಗಳೂ ಇಲ್ಲಿ ಬಿದ್ದುಹೋದವು. ಎರಡು ದಿನ ಯಂತ್ರದ ಮುಂದೆ ಕುಳಿತು ನೋಡಿದ ಮೇಲೆ ಹೊಳೆದದ್ದು ಸರಳವಾದ ದಾರಿ: ಅವು ಮಾಡುವ ಕೆಲಸದಿಂದ ಹೆಸರಿಡದೆ, ಅವುಗಳಿಗೆ ತಾಗುವ ವಸ್ತುವಿನಿಂದ ಹೆಸರಿಡುವುದು. ಒಂದಕ್ಕೆ ಸದಾ ಹೊರನೀರು ತಾಗುತ್ತದೆ, ಇನ್ನೊಂದಕ್ಕೆ ಸದಾ ಕ್ಯಾಬಿನ್ ಗಾಳಿ. ನೀರಿನ ಸುರುಳಿ, ಗಾಳಿಯ ಸುರುಳಿ. ಯಾವ ಋತುವಿನಲ್ಲೂ ಈ ಹೆಸರು ಸುಳ್ಳಾಗದು. ಕೈಪಿಡಿಯ ಉಳಿದ ಪದಗಳಿಗೂ ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ; ಇದಕ್ಕೆ ಆಕ್ಷೇಪವಿದ್ದರೆ ದಯವಿಟ್ಟು ಹೇಳಿ.

‘ಗ್ಯಾಸ್ ಮುಗಿದಿದೆ’ ಎಂಬ ಮಾತನ್ನು ಬದಲಾಯಿಸಬೇಕೆಂದು ನನ್ನ ಆಸೆ. ಅಡುಗೆ ಅನಿಲದ ಹಾಗೆ ಅದು ಉರಿದು ಮುಗಿಯುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ಅಷ್ಟೇ ಪ್ರಮಾಣ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ‘ಮುಗಿದಿದೆ’ ಎಂದವರು ತುಂಬಿಸಿ ಸುಮ್ಮನಾಗುತ್ತಾರೆ, ‘ಸೋರಿದೆ’ ಎಂದವರು ಸೋರುವ ಜಾಗ ಹುಡುಕಿಸುತ್ತಾರೆ. ಅದು ತರಬೇತಾದವರ ಕೆಲಸ, ಆದರೆ ಅವರಿಗೆ ಏನು ಹೇಳಬೇಕೆಂಬುದನ್ನು ಕೈಪಿಡಿ ಕಲಿಸಬೇಕು. ಈ ಗ್ಯಾಸಿಗೆ ‘ಶೀತಕ’ ಎನ್ನುವುದೂ ನನಗೆ ಒಪ್ಪಿಗೆಯಿಲ್ಲ. ಎಂಜಿನ್ನಿನ ಕೂಲಂಟಿಗೂ ಅದೇ ಪದ ಬಳಕೆಯಲ್ಲಿದೆ, ದೋಣಿಯಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ.

‘ಟನ್’ ಬಗ್ಗೆ ಒಂದು ಸಾಲಿನ ವಿವರಣೆ ಬೇಕೇಬೇಕು. ದೋಣಿಯವರಿಗೆ ಭಾರದ ಲೆಕ್ಕ ಮುಖ್ಯ. ‘1 ಟನ್ ಎಸಿ’ ಎಂದರೆ ತೂಕವೆಂದು ತಿಳಿಯುವುದು ಸಹಜ. 2,000 ಪೌಂಡ್, ಎಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವ ಶಾಖದ ದರ ಅದು, ಸುಮಾರು 3.5 ಕಿಲೋವಾಟ್.

ಈಗ ಸೋಸುಬುಟ್ಟಿಗೆ ಮರಳುತ್ತೇನೆ, ಏಕೆಂದರೆ ಕ್ರಿಯಾಪದಗಳ ತೊಂದರೆ ಇರುವುದು ಅಲ್ಲಿ. ಎಸಿಯನ್ನು ನಿಲ್ಲಿಸಿ, ಕವಾಟ ಮುಚ್ಚಿ, ಮುಚ್ಚಳ ತಿರುಗಿಸಬೇಕು. ಬುಟ್ಟಿ ಎತ್ತಿದಾಗ ನೀರಿಗಿಂತ ಮೊದಲು ವಾಸನೆ ಬರುತ್ತದೆ. ಎಳೆಎಳೆಯಾದ ಪಾಚಿ, ಕಾಳಿನಷ್ಟು ಚಿಪ್ಪುಗಳು, ಬೆರಳಿಗೆ ಜಾರುವ ಲೋಳೆ. ತೊಳೆದು, ರಬ್ಬರ್ ಬಳೆ ಸೀಳಿದೆಯೇ ನೋಡಿ, ಬಟ್ಟಲಿಗೆ ನೀರು ತುಂಬಿಸಿ ಮುಚ್ಚಬೇಕು. ನೀರು ತುಂಬಿಸದೆ ಮುಚ್ಚಿದರೆ ಒಳಗೆ ಉಳಿದ ಗಾಳಿ ಪಂಪಿಗೆ ಹೋಗುತ್ತದೆ. ಈ ಬಗೆಯ ಪಂಪ್ ಸಾಮಾನ್ಯವಾಗಿ ನೀರನ್ನು ತಳ್ಳಬಲ್ಲದು, ಬರಿದಾಗಿದ್ದರೆ ತಾನಾಗಿ ಎಳೆದುಕೊಳ್ಳಲಾರದು; ಅದಕ್ಕೆಂದೇ ಅದನ್ನು ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ ಕೂರಿಸಿರುತ್ತಾರೆ. ಗಾಳಿ ಸೇರಿದರೆ ಪಂಪ್ ಗುಂಯ್‌ಗುಟ್ಟುತ್ತದೆ, ಪಕ್ಕದಿಂದ ನೀರು ಬೀಳುವುದಿಲ್ಲ.

ಈ ಸ್ಥಿತಿಗೆ ಏನೆನ್ನೋಣ? ‘ಗಾಳಿ ಹಿಡಿದಿದೆ’ ಎಂದರೆ ದೆವ್ವ ಬಡಿದ ಅರ್ಥ ಬಂದುಬಿಡುತ್ತದೆ. ‘ಏರ್ ಲಾಕ್ ಆಗಿದೆ’ ಎಂಬುದು ಪೈಪಿನ ಕೆಲಸದವರ ಮಾತು, ಎಲ್ಲರಿಗೂ ತಿಳಿಯುತ್ತದೆ. ‘ಗಾಳಿ ಕಟ್ಟಿದೆ’ ಎಂಬುದು ನನ್ನ ಕಿವಿಗೆ ಹಿತವಾಗಿದೆ. ಮೂಗು ಕಟ್ಟಿದೆ, ಉಸಿರು ಕಟ್ಟಿದೆ ಎನ್ನುವ ಸಾಲಿಗೆ ಸೇರುತ್ತದೆ. ಪಂಪಿನ ಮೇಲಿನ ಕೊಳವೆಯ ಪಟ್ಟಿ ಸಡಿಲಿಸಿ, ಗುಳ್ಳೆ ನಿಂತು ಬರಿಯ ನೀರು ಬರುವವರೆಗೆ ಕಾಯುವುದಕ್ಕೆ ‘ಗಾಳಿ ಬಿಡಿಸುವುದು’ ಎಂದು ಬರೆದಿದ್ದೇನೆ. ‘ಗಾಳಿ ತೆಗೆಯುವುದು’ ಎಂಬುದನ್ನು ಟೈರಿಗೆ ಬಿಟ್ಟಿದ್ದೇನೆ.

ನೀರಿನ ಸುರುಳಿಯೊಳಗೆ ಗಟ್ಟಿಯಾಗಿ ಕೂರುವುದಕ್ಕೆ ‘ಹಕ್ಕಳೆ’ಗಿಂತ ಒಳ್ಳೆಯ ಪದ ಬೇಕಿಲ್ಲ. ಲೋಳೆ ಬೇರೆ, ಹಕ್ಕಳೆ ಬೇರೆ: ಹಕ್ಕಳೆ ಸುಣ್ಣದಂಥದ್ದು, ಸಿಟ್ರಿಕ್ ಆಮ್ಲದ ತಿಳಿ ದ್ರಾವಣವನ್ನು ಸುತ್ತಿಸಿದರೆ ನೊರೆಯೆದ್ದು ಕರಗುತ್ತದೆ.

ಕೊನೆಗೆ, ಉತ್ತರ ಸಿಗದ ಪದ. ದೋಣಿಯ ತಳದಲ್ಲಿ ಹೊರನೀರನ್ನು ಒಳಗೆ ಬಿಡುವ, ಬೇಡವಾದಾಗ ತಡೆಯುವ ಸೀಕಾಕ್‌ಗೆ ‘ತೂಬು’ ಎನ್ನಬೇಕೆಂದು ಮನಸ್ಸು ಹೇಳುತ್ತಿದೆ. ಕೆರೆಯ ತೂಬಿನಲ್ಲಿ ಇರುವುದೂ ಅದೇ ಸಂಬಂಧ: ಒಂದು ಕಡೆ ಒತ್ತಿ ನಿಂತ ನೀರು, ಇನ್ನೊಂದು ಕಡೆ ಒಣ ಜಾಗ, ನಡುವೆ ಮನುಷ್ಯನ ಕೈಗೆ ಸಿಗುವ ಒಂದು ತಡೆ. ನಲ್ಲಿ ಎಂದರೆ ಆ ಗಾಂಭೀರ್ಯವಿಲ್ಲ, ಕವಾಟ ಎಂದರೆ ದೋಣಿಯಲ್ಲಿರುವ ಹತ್ತಾರು ಕವಾಟಗಳಲ್ಲಿ ಅದೂ ಒಂದಾಗುತ್ತದೆ. ಅಳುಕು ಒಂದೇ. ‘ತೂಬು ಮುಚ್ಚಿ’ ಎಂಬುದು ಅಚ್ಚಿನಲ್ಲಿ ಒಂದಕ್ಷರ ತಪ್ಪಿದರೆ ‘ತೂತು ಮುಚ್ಚಿ’ ಆಗುತ್ತದೆ, ದೋಣಿಯಲ್ಲಿ ಆ ಮಾತು ಬೇರೆಯೇ ಗಾಬರಿ ಹುಟ್ಟಿಸುತ್ತದೆ. ಜೊತೆಗೆ, ಕೆರೆಯ ತೂಬನ್ನು ಎತ್ತುತ್ತೇವೆ, ಇಲ್ಲಿ ಹಿಡಿಕೆಯನ್ನು ಕೊಳವೆಗೆ ನೇರವಾಗಿ ತಿರುಗಿಸಿದರೆ ತೆರೆಯುತ್ತದೆ, ಅಡ್ಡಲಾಗಿಸಿದರೆ ಮುಚ್ಚುತ್ತದೆ. ತೂಬನ್ನು ‘ತಿರುಗಿಸಿ’ ಎಂದರೆ ನಿಮ್ಮ ಕಿವಿ ಒಪ್ಪುತ್ತದೆಯೇ? ದೋಣಿಯ ಮೇಲೆ ಕೆಲಸ ಮಾಡಿದವರು ಇದ್ದರೆ, ಅವಸರದಲ್ಲಿ ಕೆಳಗಿರುವ ಜೊತೆಗಾರನಿಗೆ ಕೂಗಿ ಹೇಳುವಾಗ ನಿಮ್ಮ ಬಾಯಿಗೆ ಬಂದ ಪದ ಯಾವುದೆಂದು ತಿಳಿಸಿ.